ಗಡ್ಡಿಯ ಮೊದಲ ಪ್ರವಾಸಿ

ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಉಳಿದವರಿಗೆ ಆಸ್ಪತ್ರೆಯೋ ಚರಂಡಿಯೋ ನೆನಪಾಗುತ್ತದೆ. ನನಗೆ ಒಂದು ದ್ವೀಪ ನೆನಪಾಗುತ್ತದೆ. ಮೊನ್ನೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಗಟಾರ ತೆಗೆಸಿ, ಬದಿಗೆಲ್ಲ ಆ ಪುಡಿ ಚೆಲ್ಲಿ ಹೋದರು. ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದ ನಾನು ಒಂದೇ ಉಸಿರಿಗೆ ತುಂಗಭದ್ರೆಯ ನಡುವೆ ಹೋಗಿ ನಿಂತಿದ್ದೆ. ಚಹಾ ಆರಿತು.

ದ್ವೀಪ ಎಂದಕೂಡಲೇ ತೆಂಗಿನ ಮರ, ಬಿಳಿ ಮರಳು, ಬಣ್ಣದ ಛತ್ರಿಯ ಕೆಳಗೆ ಮಲಗಿದ ವಿದೇಶಿಯರು ಕಣ್ಣಿಗೆ ಬಂದರೆ ಅದಕ್ಕೆ ನಾನು ಹೊಣೆಯಲ್ಲ. ನಮ್ಮದು ಹಕ್ಕಿಗಡ್ಡಿ. ಹಡಗಲಿ ತಾಲೂಕಿನಲ್ಲಿ, ಮಾಗಳದಿಂದ ಸ್ವಲ್ಪ ಕೆಳಕ್ಕೆ, ಹೊಳೆ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ಉಳಿದುಕೊಂಡ ಒಂದು ತುಂಡು ನೆಲ. ಅದರ ಮೇಲೆ ಕೆಲವು ಹುಣಸೆ ಮರ, ಒಂದು ಕಲ್ಲು ಮಂಟಪ, ಚಳಿಗಾಲಕ್ಕೆ ಬರುವ ಹಕ್ಕಿಗಳು. ಆಚೆ ದಡ ಬೇರೆ ಜಿಲ್ಲೆ. ಹೀಗಾಗಿ ಗಡ್ಡಿ ಯಾರದು ಎಂಬ ಪ್ರಶ್ನೆಗೆ ಹುಣಸೆಹಣ್ಣು ಬಡಿಯುವ ಕಾಲದಲ್ಲಿ ಎರಡೂ ದಡದವರು ನಮ್ಮದು ಎನ್ನುತ್ತಿದ್ದರು. ಹೆಣ ತೇಲಿ ಬಂದು ಸಿಕ್ಕಿಕೊಂಡ ದಿನ ಎರಡೂ ದಡದವರು ನಿಮ್ಮದು ಎನ್ನುತ್ತಿದ್ದರು. ಭಾನುವಾರ, ಹಬ್ಬ, ಹುಣ್ಣಿಮೆ ಬಂದರೆ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ಸಂಸಾರಗಳು ಬುತ್ತಿ ಕಟ್ಟಿಕೊಂಡು ಬಂದು, ತೆಪ್ಪದಲ್ಲಿ ದಾಟಿ, ಹಕ್ಕಿಗಳಿಗಿಂತ ಹೆಚ್ಚು ಗದ್ದಲ ಮಾಡಿ ಹೋಗುತ್ತಿದ್ದವು. ಇದಕ್ಕೆ ಇಲಾಖೆ ಪ್ರವಾಸೋದ್ಯಮ ಎಂದು ಹೆಸರಿಟ್ಟು ದಡದಲ್ಲಿ ಒಂದು ಫಲಕ ನೆಟ್ಟಿತ್ತು.

ಕೊರೊನಾ ಬಂದ ವರ್ಷ ಲೋಕವೆಲ್ಲ ಮುಚ್ಚಿದ ಹಾಗೆ ಗಡ್ಡಿಯೂ ಮುಚ್ಚಿತು. ಸುತ್ತ ನೀರಿರುವ ನೆಲವನ್ನು ಹೇಗೆ ಮುಚ್ಚುವುದು ಎಂದು ಯಾರೂ ಕೇಳಲಿಲ್ಲ. ಫಲಕಕ್ಕೆ ಅಡ್ಡ ಒಂದು ಹಗ್ಗ ಕಟ್ಟಿದರು, ದ್ವೀಪ ಮುಚ್ಚಿತು. ಮಳೆಗಾಲ ಇಳಿಯುವ ಹೊತ್ತಿಗೆ ಅದನ್ನು ಸುರಕ್ಷಿತವಾಗಿ ಮತ್ತೆ ತೆರೆಯಬೇಕೆಂದು ಆದೇಶವಾಯಿತು. ಕಟ್ಟುವುದಕ್ಕೆ ಹಗ್ಗ ಸಾಕಾಗಿತ್ತು, ಬಿಚ್ಚುವುದಕ್ಕೆ ಒಬ್ಬ ಮನುಷ್ಯನೇ ಬೇಕಾದ. ನಿವೃತ್ತಿಗೆ ಹತ್ತಿರವಾದ, ಸಕ್ಕರೆ ಕಾಯಿಲೆ ಇಲ್ಲದ, ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದ, ದೊಡ್ಡವರೂ ಇಲ್ಲದ, ಒಟ್ಟಿನಲ್ಲಿ ಸೋಂಕು ತಗಲಿದರೆ ಅಳುವ ಖರ್ಚಿಲ್ಲದ ನೌಕರನನ್ನು ಕಚೇರಿಯಲ್ಲಿ ಹುಡುಕಿದರು. ಹುಡುಕುವುದೇನಿತ್ತು, ನಾನು ಬಾಗಿಲ ಪಕ್ಕದ ಮೇಜಿನಲ್ಲೇ ಕೂತಿದ್ದೆ. ಹೀಗೆ ಪ್ರಥಮ ದರ್ಜೆ ಸಹಾಯಕನೂ ಅವಿವಾಹಿತನೂ ಆದ ಕೊಟ್ರೇಶನೆಂಬ ನಾನು ದ್ವೀಪದ ಪುನರಾರಂಭ ಉಸ್ತುವಾರಿಯಾದೆ. ಅವಿವಾಹಿತ ಎಂಬುದನ್ನು ಯಾವ ವ್ರತದಿಂದಲೂ ಸಾಧಿಸಿದ್ದಲ್ಲ, ತಾನಾಗಿ ಆದದ್ದು. ಪಟ್ಟಾಭಿಷೇಕಕ್ಕೆ ಒಂದು ಚೀಲ ಬ್ಲೀಚಿಂಗ್ ಪುಡಿ, ಹಣೆಗೆ ಹಿಡಿದು ಜ್ವರ ನೋಡುವ ಒಂದು ಪಿಸ್ತೂಲು, ಒಂದು ಕೈಮೈಕು ಕೊಟ್ಟರು. ಜೊತೆಗೆ ಮೇಲಧಿಕಾರಿ ಫೋನಿನಲ್ಲಿ ಒಂದು ಮಾತು ಸೇರಿಸಿದರು. ದೀಪಾವಳಿ ಹೊತ್ತಿಗೆ ಜನ ಬಂದರೆ ಸರಿ. ಬಾರದಿದ್ದರೆ ಗಡ್ಡಿಯನ್ನು ಪ್ರವಾಸಿ ತಾಣಗಳ ಪಟ್ಟಿಯಿಂದ ಕೈಬಿಡುವುದು, ತೆಪ್ಪದ ಪರವಾನಗಿಯನ್ನೂ ರದ್ದು ಮಾಡುವುದು.

ತೆಪ್ಪ ಹುಲಿಗೆವ್ವನದು. ಗಂಡನ ಭುಜ ಬಿದ್ದು ಅವನು ಮೂಲೆ ಹಿಡಿದ ಮೇಲೆ ಹುಟ್ಟು ಹಿಡಿದವಳು. ಐವತ್ತರ ಆಸುಪಾಸು, ಮಾತು ಕಡಿಮೆ. ಹೊಲವಿಲ್ಲ, ಕುರಿಯಿಲ್ಲ, ಆ ದುಂಡನೆಯ ಬಿದಿರ ಬುಟ್ಟಿಯೇ ಅವಳಿಗೆ ಹೊಲವೂ ಎತ್ತೂ ಎಲ್ಲ. ಮೊದಲ ದಿನ ನಾನು ಅಧಿಕಾರಿಯ ಗತ್ತಿನಲ್ಲಿ, ರೋಗದ ಕಾಲದಲ್ಲಿ ಕಂಡಕಂಡವರನ್ನು ದಾಟಿಸಲು ಹೆದರಿಕೆಯಿಲ್ಲವೇ ಎಂದು ಕೇಳಿದೆ.

“ದಾಟ್ಸಾಕ ಏನ್ ಅಂಜಿಕಿರಿ ಸಾಹೇಬ್ರ,” ಅಂದಳು. “ದಾಟಾಕ ಮಂದಿನ ಬರ್ಲಿಲ್ಲಂದ್ರ ಏನ್ ಮಾಡ್ಲಿ, ಅದಕ್ಕ ಅಂಜಿಕಿ.”

ಬೆಳಿಗ್ಗೆ ನನ್ನನ್ನು ಗಡ್ಡಿಯ ಮೇಲೆ ಇಳಿಸಿ ಹೋಗುತ್ತಿದ್ದಳು, ಇಳಿಹೊತ್ತಿಗೆ ಬಂದು ಒಯ್ಯುತ್ತಿದ್ದಳು. ನಡುವಿನ ದಿನವೆಲ್ಲ ನಾನು, ಸುಣ್ಣದ ಬಕೆಟ್ಟು, ಹೊಳೆಯ ಸದ್ದು. ಹುಣಸೆಯ ನೆರಳಲ್ಲಿ ಸಂಸಾರಕ್ಕೊಂದರಂತೆ ಸುಣ್ಣದ ವೃತ್ತ ಬರೆದೆ. ಮಂಟಪದ ಕಂಬ ಕಂಬಕ್ಕೂ ಏನು ಮಾಡಬಾರದೆಂದು ಹಲಗೆ ತೂಗುಹಾಕಿದೆ. ನಾನಿದ್ದ ಏಕಾಂತದಲ್ಲಿ ಅಷ್ಟೆಲ್ಲ ನಿಷೇಧಗಳನ್ನು ಮುರಿಯಬೇಕೆಂದರೂ ಇನ್ನೊಬ್ಬರು ಬೇಕಾಗಿತ್ತು. ಮಧ್ಯಾಹ್ನ ಮೈಕು ಪರೀಕ್ಷಿಸುವ ನೆಪದಲ್ಲಿ, ದಯವಿಟ್ಟು ಅಂತರ ಕಾಯ್ದುಕೊಳ್ಳಿ ಎಂದು ಕೊಕ್ಕರೆಗಳಿಗೆ ಹೇಳುತ್ತಿದ್ದೆ. ಅವು ಮೊದಲೇ ಕಾಯ್ದುಕೊಂಡಿದ್ದವು. ನನ್ನ ದನಿ ಆಚೆ ದಡಕ್ಕೆ ಬಡಿದು ತಿರುಗಿ ಬಂದಾಗ, ಯಾರೋ ಉತ್ತರ ಕೊಟ್ಟರೇನೋ ಎಂದು ಒಂದೆರಡು ಸಲ ಎದ್ದು ನಿಂತದ್ದೂ ಉಂಟು.

ಉಳಿದುಕೊಂಡದ್ದು ಹಡಗಲಿಯ ಅಂಚಿನಲ್ಲಿ, ಇಲಾಖೆಯ ಹಳೆಯ ಉಗ್ರಾಣದ ಕೋಣೆಯಲ್ಲಿ. ಸಂಜೆ ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು ತಿನ್ನುತ್ತಿದ್ದೆ. ಫೋನು ಬಂದರೆ ಅಕ್ಕನದು. ನನಗಿದ್ದ ಒಬ್ಬಳೇ ಅಕ್ಕ, ನೀಲಮ್ಮ, ಹರಪನಹಳ್ಳಿಗೆ ಕೊಟ್ಟದ್ದು. ಅಲ್ಲಿಗೆ ಹೋದ ಮೇಲೆ ಅವಳ ‘ಐತಿ’ ಹೋಗಿ ‘ಐತೆ’ ಆಗಿತ್ತು. ಅದೊಂದು ಬಿಟ್ಟರೆ ಅವಳಲ್ಲಿ ಏನೂ ಬದಲಾಗಿರಲಿಲ್ಲ. ದೀಪಾವಳಿಯ ಪಾಡ್ಯ ಕಳೆದ ಮೇಲೆ ಬರುವ ಅಕ್ಕನ ತದಿಗೆಗೆ ಪ್ರತಿವರ್ಷ ಅವಳ ಮನೆಗೆ ಹೋಗುವವನು. ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಿದ್ದಳು, ಬೇಡವೆಂದರೂ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದಳು. ವರ್ಷದಲ್ಲಿ ನನಗೆ ಯಾರಾದರೂ ಎದುರು ಕೂತು ಬಡಿಸುವುದು ಆ ಒಂದು ದಿನ. ಅದನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಇಂಥ ಮಾತನ್ನು ನಮ್ಮ ಕಡೆ ಗಂಡಸರು ಹೇಳುವುದಿಲ್ಲ, ಹೆಂಗಸರು ಕೇಳುವುದಿಲ್ಲ, ಆದರೂ ವ್ಯವಹಾರ ನಡೆಯುತ್ತದೆ.

ತೆರೆಯುವ ದಿನ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಗಡ್ಡಿಯ ಮೇಲೆ ಇಳಿದು ನೋಡಿದರೆ ಮಂಟಪದೊಳಗೆ ಒಂದು ಹೊಸ ಬುಟ್ಟಿ ಕೂತಿದೆ. ಸುತ್ತ ಬೇವಿನ ಸೊಪ್ಪು, ಒಳಗೆ ಹಸಿರು ಬಳೆ, ಒಂದು ಕುಪ್ಪಸದ ಖಣ, ಎಲೆಯ ಮೇಲೆ ಮೊಸರನ್ನ. ನಡುವೆ ಅರಿಶಿನದ ಮುದ್ದೆಗೆ ಕಣ್ಣು ಮೂಗು ತೀಡಿ, ಹಣೆ ತುಂಬ ಕುಂಕುಮ. ನೀರಿನಂಚಿನಿಂದ ಹುಲಿಗೆವ್ವನೂ ಅದನ್ನು ಕಂಡಳು. ಕಂಡವಳೇ ಹುಟ್ಟು ಊರಿ, ನಾನಿನ್ನೂ ಗಡ್ಡಿಯ ಮೇಲಿದ್ದಂತೆಯೇ ತೆಪ್ಪವನ್ನು ಹಿಂದಕ್ಕೆ ತಳ್ಳಿಕೊಂಡಳು.

“ಸಾಹೇಬ್ರ, ಮುಟ್ಟಬ್ಯಾಡ್ರಿ,” ಎಂದು ನಡುನೀರಿನಿಂದ ಕೂಗಿದಳು. “ಅಕಿ ಅದಾಳ.”

ಯಾರು ಎಂದೆ.

“ಅಕಿನರಿ. ಕೊರೊನವ್ವ.”

ಸಿಡುಬು, ಕಾಲರಾ, ಪ್ಲೇಗು, ಯಾವ ಬೇನೆ ಬಂದರೂ ನಮ್ಮ ಸೀಮೆಯಲ್ಲಿ ಅದನ್ನು ಅಮ್ಮ ಎಂದು ಕರೆದು, ಉಡಿ ತುಂಬಿ, ಊಟ ಇಟ್ಟು, ಬುಟ್ಟಿಯಲ್ಲಿ ಕೂರಿಸಿ ಊರ ಗಡಿ ದಾಟಿಸುವುದು ಹಳೆಯ ಪದ್ಧತಿ. ಪಕ್ಕದ ಊರಿನವರು ತಮ್ಮ ಗಡಿಯಲ್ಲಿ ಬುಟ್ಟಿ ಕಂಡರೆ ಅವರೂ ಉಡಿ ತುಂಬಿ ಮುಂದಿನ ಊರಿಗೆ ದಾಟಿಸುತ್ತಾರೆ. ಅಮ್ಮ ಹೀಗೆ ಗೌರವದಿಂದ, ಯಾರ ಮನೆಯಲ್ಲೂ ನಿಲ್ಲದೆ, ವರ್ಗಾವಣೆಯಾಗುತ್ತ ಹೋಗುತ್ತಾಳೆ. ಸರಕಾರಿ ನೌಕರನಾದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗಡ್ಡಿಗೆ ಯಾಕೆ ತಂದು ಬಿಟ್ಟರು ಎಂಬುದಷ್ಟೇ ಗೊತ್ತಾಗಲಿಲ್ಲ. ಅದನ್ನು ತಿಳಿಸಿದವನು ದಡದ ಊರಿನ ದುರುಗಪ್ಪಜ್ಜ. ಅಮ್ಮನ ಪೂಜೆ ಅವನ ಮನೆತನದ್ದು. ಹಿಂದಿನ ಸಂಜೆ ಮೀನುಗಾರರ ತೆಪ್ಪದಲ್ಲಿ ಬಂದು ಬುಟ್ಟಿ ಇಟ್ಟವನೂ ಅವನೇ.

“ಬ್ಯಾಸಗ್ಯಾಗ ಒಮ್ಮೆ ಗಡಿ ದಾಟ್ಸಿದ್ವಿರಿ,” ಅಂದ ಅಜ್ಜ. “ಆವಾಗ ನನ್ನ ಬಾಯಿ ತಪ್ತು. ‘ಹೋಗಿ ಬಾರವ್ವ’ ಅಂದುಬಿಟ್ಟೆ. ಉಡಿ ತುಂಬಿಸ್ಕೊಂಡು ಹೊಂಟ ಹೆಣ್ಮಗಳಿಗೆ ಬರೇ ‘ಹೋಗು’ ಅನ್ನಾಕ ಬಾಯಿ ಬರಾಂಗಿಲ್ಲ ನೋಡ್ರಿ. ಅಕಿ ಮಾತು ನಡಿಸ್ಕೊಟ್ಲು. ಶ್ರಾವಣದಾಗ ತಿರುಗಿ ಬಂದ್ಲು.”

ಈ ಸಲ ಯಾವ ಊರಿನ ಗಡಿಗೂ ಬಿಡದೆ, ಯಾರದೂ ಅಲ್ಲದ ನೆಲ ನೋಡಿ ಬಿಟ್ಟಿದ್ದರು. ಆಚೆ ದಡದವರೂ ಮುಂದೆ ದಾಟಿಸುವಂತಿಲ್ಲ, ಅವಳು ಈಚೆಯವರ ಕಡೆಗೂ ತಿರುಗಿ ಬರುವಂತಿಲ್ಲ. ಆಲೋಚನೆ ಆಡಳಿತದ ದೃಷ್ಟಿಯಿಂದ ನಿರ್ದುಷ್ಟವಾಗಿತ್ತು. ಅದರಲ್ಲಿದ್ದ ಒಂದೇ ಕೊರತೆಯೆಂದರೆ, ಇಡೀ ಜಿಲ್ಲೆಯಲ್ಲಿ ಕೊರೊನಾ ಇಲ್ಲದಂತೆ ನಾನು ತೊಳೆದು ಬಳಿದು ಇಟ್ಟ ಏಕೈಕ ಜಾಗ ಈಗ ಅವಳ ಅಧಿಕೃತ ನಿವಾಸವಾಯಿತು. ಗಡ್ಡಿಗೆ ಬಂದ ಮೊದಲ ಪ್ರವಾಸಿ ಅವಳೇ. ಜ್ವರ ನೋಡಲು ನನಗೆ ಧೈರ್ಯವಾಗಲಿಲ್ಲ.

ಸುದ್ದಿ ನೀರಿಗಿಂತ ಬೇಗ ಹರಿಯಿತು. ಉದ್ಘಾಟನೆಯ ದಿನ ನಾನು ಇಸ್ತ್ರಿ ಅಂಗಿ ತೊಟ್ಟು ನಿಂತೆ; ಒಬ್ಬರೂ ಬರಲಿಲ್ಲ. ಮಹಾನವಮಿ ಬಂತು, ಬನ್ನಿ ಹಂಚಿ ಮುಗಿಯಿತು, ಹೊಳೆಯ ಹತ್ತಿರ ನೆರಳೂ ಸುಳಿಯಲಿಲ್ಲ. ಬಂದ ಒಂದು ಕಾರಿನವರು ದಾರಿ ತಪ್ಪಿದವರು. ಕೋಗಳಿಗೆ ಹೇಗೆ ಹೋಗುವುದೆಂದು ಕೇಳಿ ತಿರುಗಿಸಿಕೊಂಡು ಹೋದರು. ಹುಲಿಗೆವ್ವ ದಿನವೂ ಬಂದು, ತೆಪ್ಪವನ್ನು ನೀರಿಗಿಳಿಸಿ, ಅದರಲ್ಲಿ ಕೂತು, ಸಂಜೆ ಮತ್ತೆ ದಡಕ್ಕೆಳೆದು ಮಗುಚಿ ಹೋಗುತ್ತಿದ್ದಳು. ನೀರು ಮುಟ್ಟದಿದ್ದರೆ ತೆಪ್ಪ ಒಣಗಿ ಬಿರಿಯುತ್ತದೆ ಎಂದಳು ಒಮ್ಮೆ.

ಮೇಲಧಿಕಾರಿಗೆ ಫೋನು ಮಾಡಿ ವಿಷಯ ಅರಿಕೆ ಮಾಡಿದೆ. ಅವರು ಅದನ್ನು ತ್ಯಾಜ್ಯವೆಂದು ವಿಲೇವಾರಿ ಮಾಡಿರಿ ಎಂದರು. ಎತ್ತಿ ಎಸೆಯಬಹುದಿತ್ತು. ನಾನು ನಂಬುವವನೂ ಅಲ್ಲ, ನಂಬದವನೂ ಅಲ್ಲ. ಕೊಟ್ಟ ಕೆಲಸ ಮಾಡಿಕೊಂಡು ಬಂದವನು. ಆದರೆ ಎಸೆದರೆ ಅವಳು ಹೋದಳೆಂದು ಯಾರು ನಂಬಬೇಕು? ಹೊಳೆಗೆ ಬಿಟ್ಟರೆ ಕೆಳಗಿನ ಊರಿನ ಸ್ನಾನಘಟ್ಟಕ್ಕೆ ಹೋಗುತ್ತಾಳೆ ಎಂದ ಅಜ್ಜ. ಅವಳು ಹೋದದ್ದನ್ನು ಊರು ಕಣ್ಣಾರೆ ಕಾಣಬೇಕು, ಯಾರ ಕಡೆ ಹೋದಳೆಂದು ಗೊತ್ತಿರಬೇಕು. ಅಂದರೆ ಒಬ್ಬರು ತಮ್ಮ ಮನೆಗೆ ಕರೆದೊಯ್ಯಬೇಕು.

ದಡದ ಬೇವಿನ ಮರದ ಕೆಳಗೆ ಪಂಚಾಯ್ತಿ ಸೇರಿತು. ಗಂಡಸರೆಲ್ಲ ಮುಖಕ್ಕೆ ಟವೆಲ್ ಸುತ್ತಿದ್ದರು, ನಾನು ಇಲಾಖೆಯ ನೀಲಿ ಮಾಸ್ಕಿನಲ್ಲಿದ್ದೆ. ಅಜ್ಜ ಕಟ್ಟಳೆಗಳನ್ನು ಬಿಡಿಸಿ ಹೇಳಿದ. ಎತ್ತಿದವರು ಯುಗಾದಿಯ ತನಕ ಅವಳಿಗೆ ದಿನಾ ಮೊಸರನ್ನ ಇಡಬೇಕು. ಬೇರೆಯವರ ಹೊಸ್ತಿಲು ತುಳಿಯಬಾರದು. ಅವಳನ್ನು ಎತ್ತಿದ ಜಾಗಕ್ಕೆ ಮತ್ತೆ ಕಾಲಿಡಬಾರದು, ಇಟ್ಟರೆ ಬೆನ್ನು ಹತ್ತಿ ಬರುತ್ತಾಳೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಹೇಳಿದ. “ಎತ್ತೋರಿಗೆ ಹಿಂದ ಮುಂದ ಯಾರೂ ಇರಬಾರ್ದು. ರಕ್ತಸಂಬಂಧ ಇದ್ರ ಹುಡುಕ್ಕೊಂಡು ಅವ್ರ ಮನಿ ಹೊಕ್ಕಾಳ.”

ಆ ಊರಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವರು ಯಾರು? ಎಲ್ಲರಿಗೂ ಎಲ್ಲರೂ ಇದ್ದರು. ಆಮೇಲೆ ಒಬ್ಬೊಬ್ಬರ ಕಣ್ಣೂ ಮೆಲ್ಲಗೆ ನನ್ನ ಕಡೆ ತಿರುಗಿತು. ಮಾತಾಡಿದವಳು ಹುಲಿಗೆವ್ವ. ಅವಳ ದನಿಯಲ್ಲಿ ಆಸೆಯೂ ಇತ್ತು, ಆ ಆಸೆಗೆ ನಾಚಿಕೆಯೂ ಇತ್ತು.

“ಸಾಹೇಬ್ರಿಗೆ ಯಾರದಾರ?”

ಹರಪನಹಳ್ಳಿಯಲ್ಲಿ ಒಬ್ಬಾಕೆ ಇದ್ದಾಳೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅಂದಿದ್ದರೆ ಬುಟ್ಟಿ ಅಲ್ಲೇ ಉಳಿಯುತ್ತಿತ್ತು. ನನ್ನ ಆದೇಶ, ಅವಳ ತೆಪ್ಪ, ಎರಡೂ ದೀಪಾವಳಿಗೆ ಮಗುಚುತ್ತಿದ್ದವು. ನಾನು ಹೊಳೆಯ ಕಡೆ ನೋಡಿದೆ. ನನ್ನ ಮೌನವನ್ನು ಅವರು ಉತ್ತರವೆಂದು ಸ್ವೀಕರಿಸಿದರು. ಇಡೀ ಜೀವಮಾನದಲ್ಲಿ ನನ್ನ ಅಭಿಪ್ರಾಯವನ್ನು ಯಾರಾದರೂ ಅಷ್ಟು ಬೇಗ ಒಪ್ಪಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಹುಲಿಗೆವ್ವನೇ ನನ್ನನ್ನು ದಾಟಿಸಿದಳು. ಬುಟ್ಟಿ ಎತ್ತಿಕೊಂಡೆ, ಅಷ್ಟು ಹಗುರವಿರುತ್ತದೆಂದು ಎಣಿಸಿರಲಿಲ್ಲ. ತೆಪ್ಪ ಓಲಬಾರದೆಂದು ಅಮ್ಮನನ್ನು ಒಂದು ಕಡೆ ಇಟ್ಟು, ಎದುರಿಗೆ ನಾನು ಕೂತೆ. ಹೊಸದಾಗಿ ಮದುವೆಯಾದವರನ್ನೂ ಹಾಗೆಯೇ ಕೂರಿಸುತ್ತಾರೆ. ಹುಲಿಗೆವ್ವ ನಮ್ಮಿಬ್ಬರನ್ನೂ ನೋಡದೆ ಹುಟ್ಟು ಹಾಕುತ್ತ, “ನಿಮ್ನ ಇಳಿಸಿದ ಮ್ಯಾಲೆ ತೆಪ್ಪ ತೊಳಿತೀನ್ರಿ. ಸಿಟ್ಟಾಗಬ್ಯಾಡ್ರಿ,” ಅಂದಳು. ಸಿಟ್ಟಿಲ್ಲ, ಬ್ಲೀಚಿಂಗ್ ಪುಡಿ ಕೊಡುತ್ತೇನೆ ಎಂದೆ.

ದಡದಲ್ಲಿ ಊರಿಗೆ ಊರೇ ನಿಂತಿತ್ತು. ನನಗೆ ದಾರಿ ಬಿಟ್ಟು ಎರಡು ಬದಿಗೂ ಸರಿದರು. ಅಷ್ಟು ಅಚ್ಚುಕಟ್ಟಾದ ಅಂತರವನ್ನು ನನ್ನ ಮೈಕಿಗೂ ಸಾಧಿಸಲಾಗಿರಲಿಲ್ಲ. ನಾನು ನಡೆದೆ, ಯಾರೂ ತುಟಿ ಬಿಚ್ಚಲಿಲ್ಲ. ನಮ್ಮ ಕಡೆ ಯಾರೇ ಹೊರಟರೂ ‘ಹೋಗಿ ಬರ್ರಿ’ ಎನ್ನುತ್ತಾರೆ. ನೋಟೀಸು ಕೊಡಲು ಹೋದ ಮನೆಯವರೂ, ಜಗಳವಾಡಿದ ಮನೆಯವರೂ ಬಾಗಿಲ ತನಕ ಬಂದು ನನಗೆ ಹಾಗೆ ಅಂದದ್ದುಂಟು. ಅವತ್ತು ಅಷ್ಟು ಜನ ಬಾಯಿ ಬಿಗಿಹಿಡಿದು ನಿಂತಿದ್ದರು. ಎಲ್ಲಿ ರೂಢಿಯಿಂದ ಜಾರಿಬಿಡುತ್ತದೋ ಎಂದು ಒಬ್ಬ ಮುದುಕಿ ಸೆರಗು ಕಚ್ಚಿಕೊಂಡಿದ್ದಳು. ಅವರು ಅನ್ನದೆ ಉಳಿದದ್ದು ಬುಟ್ಟಿಯ ಅಮ್ಮನಿಗೆ. ನಾನು ಅವಳ ಜೊತೆಗಿದ್ದೆ, ಅಷ್ಟೆ.

ಬಸ್ಸಿನಲ್ಲಿ ಹತ್ತಿಸಿಕೊಳ್ಳುವ ಹಾಗಿರಲಿಲ್ಲ. ಮೆಕ್ಕೆಜೋಳದ ಹೊಲ, ಆಮೇಲೆ ಮಲ್ಲಿಗೆ ತೋಟ, ಬುಟ್ಟಿ ಹೊತ್ತು ಹಡಗಲಿಯ ತನಕ ನಡೆದೆ. ಮೊಗ್ಗು ಬಿಡಿಸುತ್ತಿದ್ದ ಹೆಂಗಸರು ನನ್ನನ್ನು ಕಂಡು ತೋಟದ ಆಚೆ ಬದುವಿಗೆ ಹೋಗಿ ನಿಂತರು. ಕೋಣೆಯಲ್ಲಿ ಅವಳಿಗೆ ಕಿಟಕಿಯ ಕಟ್ಟೆ ಕೊಟ್ಟೆ. ಖಾನಾವಳಿಯವನು ಮರುದಿನದಿಂದ ನಾನು ಒಳಗೆ ಬರುವುದು ಬೇಡವೆಂದು ಬಹಳ ವಿನಯದಿಂದ ತಿಳಿಸಿದ. ಹೊಸ್ತಿಲಿನ ಕಟ್ಟಳೆ ಅವನಿಗೂ ಮುಟ್ಟಿತ್ತು. ಹೀಗಾಗಿ ನಿವೃತ್ತಿಯ ಅಂಚಿನಲ್ಲಿ ಒಂದು ಪಾತ್ರೆ ಕೊಂಡು ಅನ್ನ ಮಾಡುವುದನ್ನು ಕಲಿತೆ. ಮೊದಲ ದಿನ ಅಂಬಲಿಯಾಯಿತು, ಎರಡನೆಯ ದಿನ ಹೊತ್ತಿತು. ಅವಳು ಎರಡಕ್ಕೂ ಏನೂ ಅನ್ನಲಿಲ್ಲ. ಅವಳ ಪಾಲು ಮೊದಲು ಕಲಸಿಟ್ಟು, ಉಳಿದದ್ದನ್ನು ನಾನು ಉಣ್ಣುತ್ತಿದ್ದೆ. ಬೇರೆಯವರಿಗೆಂದು ನಾನು ಅಡುಗೆ ಮಾಡಿದ್ದು ಅದೇ ಮೊದಲು. ಉಪ್ಪು ಕಡಿಮೆಯಾಯಿತೇನೋ ಎಂದು ಒಂದು ಸಂಜೆ ಕೇಳಿಯೂಬಿಟ್ಟೆ. ಮೂರು ಜಿಲ್ಲೆಗಳನ್ನು ಗಡಗಡ ನಡುಗಿಸಿದವಳು, ಕಿಟಕಿಯಲ್ಲಿ ಮೂಗು ಅರ್ಧ ಉದುರಿ ಸುಮ್ಮನೆ ಕೂತಿದ್ದಳು.

ಗಡ್ಡಿಗೆ ಮೊದಲು ದಾಟಿದವನು ದುರುಗಪ್ಪಜ್ಜ, ಸೊಸೆ ಮೊಮ್ಮಕ್ಕಳನ್ನು ಕಟ್ಟಿಕೊಂಡು. ಅವರು ನಗುತ್ತ ತಿರುಗಿ ಬಂದದ್ದನ್ನು ಕಂಡು ಊರಿನವರು ಹೋದರು. ಊರಿನವರನ್ನು ಕಂಡು ಹಡಗಲಿಯವರು ಬಂದರು. ದೀಪಾವಳಿಯ ಹೊತ್ತಿಗೆ ದಡದಲ್ಲಿ ಸರತಿ ನಿಂತಿತು. ಹುಲಿಗೆವ್ವ ತನ್ನ ತಂಗಿಯ ತೆಪ್ಪವನ್ನೂ ತರಿಸಿದಳು. ಗಡ್ಡಿಗೆ ಕಾಲಿಡುವಂತಿಲ್ಲದ ನಾನು ಈಚೆ ದಡದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಒಂದು ತೆಪ್ಪಕ್ಕೆ ಒಂದೇ ಸಂಸಾರ ಎಂದು ಕೂಗುತ್ತ, ಜ್ವರ ನೋಡುತ್ತ ಉಸ್ತುವಾರಿ ನಡೆಸಿದೆ. ದಪ್ಪಗೆ ವಿಭೂತಿ ಧರಿಸಿದ ಹಣೆಗಳಲ್ಲಿ ಪಿಸ್ತೂಲು, ಮನುಷ್ಯ ಬದುಕಿಯೇ ಇಲ್ಲ ಎನ್ನುವಷ್ಟು ಕಡಿಮೆ ತೋರಿಸುತ್ತಿತ್ತು. ಅವರಿಗೆ ಕೈ ಚಾಚಲು ಹೇಳಿ ಮಣಿಕಟ್ಟಿಗೆ ಹಿಡಿಯುತ್ತಿದ್ದೆ. ಜನ ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದರು. ಯಾರ ಮನೆಯಲ್ಲಿ ಯಾರು ಇದ್ದಾಳೆಂದು ಅವರಿಗೆ ಗೊತ್ತಿತ್ತು. ನೀರಿನಾಚೆ ನಾನು ಬರೆದ ಸುಣ್ಣದ ವೃತ್ತಗಳಲ್ಲಿ ಸಂಸಾರಗಳು ಬುತ್ತಿ ಬಿಚ್ಚಿ ಉಣ್ಣುತ್ತಿದ್ದವು. ನಗು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಗಡ್ಡಿಯಿಂದ ಯಾರಿಗೂ ಜ್ವರ ಬಂದ ಸುದ್ದಿ ಬರಲಿಲ್ಲ. ನಿಯಮಾವಳಿಯಿಂದ ಎಂದಿತು ಇಲಾಖೆ. ಬುಟ್ಟಿಯಿಂದ ಎಂದಿತು ಊರು. ಎರಡರ ಉಸ್ತುವಾರಿಯೂ ನನ್ನದೇ ಆದ್ದರಿಂದ ನಾನು ತಕರಾರು ಮಾಡಲಿಲ್ಲ.

ದೀಪಾವಳಿ ಹತ್ತಿರ ಬಂದಾಗ, ತದಿಗೆಗೆ ಎಷ್ಟು ಹೊತ್ತಿಗೆ ಬರುತ್ತೀ ಎಂದು ಅಕ್ಕ ಕೇಳಿದಳು. ಡ್ಯೂಟಿ ಬಿಡುವ ಹಾಗಿಲ್ಲ ಎಂದೆ. ಯಾವಾಗಲೂ ಕಾಡುವ ಅಕ್ಕ ಅವತ್ತು ಹೆಚ್ಚು ಕೇಳದೆ ಫೋನಿಟ್ಟಳು. ಅವಳ ಹೊಸ್ತಿಲು ದಾಟಿ ಆ ಬುಟ್ಟಿಯ ಸಂಬಂಧವನ್ನು ಅಲ್ಲಿಗೆ ಒಯ್ಯುವ ಧೈರ್ಯ ನನಗಿರಲಿಲ್ಲ. ನಾನು ನಂಬದವನಲ್ಲ ಎಂದು ಮೊದಲೇ ಹೇಳಿದ್ದೇನೆ.

ತದಿಗೆಯ ದಿನ ಮಧ್ಯಾಹ್ನ ಅವಳೇ ಬಸ್ಸಿಳಿದು, ಸೆರಗಿನಲ್ಲಿ ಆರತಿ ತಟ್ಟೆ, ಡಬ್ಬಿ ಮುಚ್ಚಿಕೊಂಡು, ಮರಳಿನಲ್ಲಿ ಕಾಲೆಳೆಯುತ್ತ ದಡಕ್ಕೆ ಬಂದಳು. ಬರಬಾರದಿತ್ತು, ಕಟ್ಟಳೆ ಇದೆ ಎಂದು ನಾನು ಎದ್ದು ಹಿಂದೆ ಸರಿದೆ.

“ಹೊಸ್ತಿಲು ತುಳೀಬಾರ್ದು ಅಂತ ತಾನೆ? ಹೊಳೆ ದಂಡೆಗೆ ಹೊಸ್ತಿಲು ಎಲ್ಲೈತೆ, ತೋರ್ಸು,” ಅಂದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಗಾಳಿಗೆ ಮೈ ಅಡ್ಡ ಮಾಡಿ ದೀಪ ಹಚ್ಚಿ, ಕೈ ಚಾಚಿ ದೂರದಿಂದಲೇ ಆರತಿ ಎತ್ತಿದಳು. ಸರತಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಡಬ್ಬಿಯ ಹೋಳಿಗೆಯನ್ನು ಮರಳಿನ ಮೇಲಿಟ್ಟು ಹಿಂದೆ ಸರಿದಳು, ನಾನು ಹೋಗಿ ತೆಗೆದುಕೊಂಡೆ. ಆಮೇಲೆ ಬಂದದ್ದು ಅವಳು ಹರಪನಹಳ್ಳಿಯಿಂದ ಹೊತ್ತು ತಂದ ಪ್ರಶ್ನೆ. ಊರಿಂದೂರಿಗೆ ಹೋಗುವ ಹೂವಿನವರ ಬಾಯಲ್ಲಿ ಅವಳಿಗೆ ಎಲ್ಲ ಮುಟ್ಟಿತ್ತು.

“ಸಾಹೇಬ್ರಿಗೆ ಯಾರದಾರೆ ಅಂತ ಕೇಳಿದಾಗ ಕಂಬ ನಿಂತಂಗೆ ನಿಂತಿದ್ಯಂತೆ. ಒಬ್ಬಾಕೆ ಅಕ್ಕ ಅದಾಳೆ ಅನ್ನಾಕೆ ನಿನ್ನ ಬಾಯಿಗೆ ಏನಾಗಿತ್ತು ಕೊಟ್ರಾ?”

“ಮಾಸ್ಕ್ ಹಾಕ್ಕೊಂಡಿದ್ದೆ ಅಕ್ಕ.”

ಅಕ್ಕ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಸರತಿಯ ಕಡೆ ತಿರುಗಿದಳು. ಮೊದಲು ನಿಂತವನ ಎದುರು ಹೋಗಿ, “ನೋಡಪ್ಪ, ಇವ ನನ್ನ ತಮ್ಮ. ನಾನು ಇವನ ಅಕ್ಕ,” ಅಂದಳು. ಎರಡನೆಯವನಿಗೂ ಅಂದಳು, ಅವನ ಹೆಂಡತಿಗೂ ಅಂದಳು. ಇದೂ ಒಂದು ಹೊಸ ನಿಯಮವಿರಬೇಕೆಂದುಕೊಂಡು ಉಚ್ಚಂಗಿದುರ್ಗದ ಒಬ್ಬ ಹಿರಿಯ ತನ್ನ ಹೆಸರು, ಊರು, ಅಕ್ಕತಂಗಿಯರ ಹೆಸರು ಎಲ್ಲ ಒಪ್ಪಿಸಿದ. ಅಕ್ಕ ಅವನಿಗೂ ಬಿಡಲಿಲ್ಲ. ಸಾಕು ಬಾ ಎಂದು ಕರೆದೆ. ಕೇಳದವಳಂತೆ ಸಾಲಿನ ತುದಿಯ ತನಕ ಹೋದಳು.

ನೀರಿನಲ್ಲಿದ್ದ ಹುಲಿಗೆವ್ವ ಹುಟ್ಟು ನಿಲ್ಲಿಸಿದ್ದಳು.

“ಯವ್ವಾ, ಮೆಲ್ಲಕ ಮಾತಾಡು,” ಅಂದಳು. “ಅಕಿಗೆ ಕೇಳಸ್ತೈತಿ.”

“ಕೇಳಿಸ್ಲಿ ಅಂತಾನೇ ಹೇಳ್ತಿರೋದು,” ಅಂದಳು ಅಕ್ಕ.